ಡಾಕ್ಟರಿಗೊಂದು ಪ್ರಶ್ನೆ

ಮೂರು ಹೆರಿಗೆಯಲ್ಲಿ ಜೋತುಬಿದ್ದ ಹೊಟ್ಟೆಯನ್ನು ಆಪರೇಷನ್ ಮಾಡಿಸಿ ಬಿಗಿ ಮಾಡಿಸಿಕೊಳ್ಳಬೇಕೆಂದು ನನ್ನ ಹೆಂಡತಿ ಇಂದುಮತಿ ಹಟ ಹಿಡಿದಳು. ಒಳ್ಳೆಯ ಡಾಕ್ಟರನ್ನು ಆರಿಸುವ ಹೊಣೆ ನನ್ನದು. ನನ್ನ ಒಂದೇ ಪ್ರಶ್ನೆಗೆ ಊರಿನ ಅರ್ಧ ಡಾಕ್ಟರುಗಳು ಬೆವತು ಬನಿಯನ್ ಬದಲಿಸಿದ್ದರು. ಇಂದುಮತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಈ ಹೊಸ ಡಾಕ್ಟರಿಗೂ ಅದನ್ನೇ ಎಸೆದೆ.

"ಡಾಕ್ಟ್ರೇ, ನಿಮ್ಮ ಸ್ವಂತ ಹೆಂಡತಿಗಾದ್ರೆ ಈ ಆಪರೇಷನ್ ಮಾಡ್ತಿದ್ರಾ?"

"ನಾನೇ ಮಾಡಿದ್ದೀನಿ," ಎಂದರು, ಒಂದು ಹನಿಯೂ ಬೆವರದೆ.

ನಾನು ಮೀಸೆ ತಿರುವಿದೆ. "ನೋಡಿದೆಯೇನೇ ನನ್ನ ಆಯ್ಕೆ?"

"ಸುಮ್ನಿರ್ರೀ, ಎದೆ ಹೊಡ್ಕೊಳ್ತಿರೋದು ನಂಗೆ," ಎಂದು ಇಂದುಮತಿ ಡಾಕ್ಟರತ್ತ ತಿರುಗಿದಳು. "ಸಾರ್, ಮೇಡಂ ಹತ್ರ ಒಂದ್ ಮಾತು ಕೇಳ್ಬಹುದಾ, ತುಂಬಾ ನೋವಾಯ್ತಾ ಅಂತ?"

ಡಾಕ್ಟರು ಎದ್ದು, ಹಿಂದಿನ ಗೋಡೆಯಲ್ಲಿ ನಗುತ್ತಿದ್ದ ಹೆಂಗಸಿನ ಫೋಟೋಗೆ ಹಾಕಿದ್ದ ಗಂಧದ ಹಾರವನ್ನು ಮೆಲ್ಲಗೆ ನೇರ ಮಾಡಿದರು.