ಬಿಚ್ಚದ ಬಾವುಟ

ಕರೆಯುತ್ತಾರೋ, ಇಲ್ಲವೋ? ಕರೆಯದೆ ಹೋದರೆ?

ಶಾಲೆಯ ಕಳ್ಳಿಬೇಲಿಯ ಹೊರಗೆ ನಿಂತ ಕರಿಯಣ್ಣನ ತಲೆಯಲ್ಲಿ ಅದೊಂದೇ. ಹದಿನೈದು ವರ್ಷ ಮಿಲಿಟರಿಯಲ್ಲಿದ್ದವನು. ಅಲ್ಲಿ ದಿನಾ ಬೆಳಿಗ್ಗೆ ಬಾವುಟ ಏರಿಸುತ್ತಿದ್ದುದು ಅವನ ಕೈ. ಊರಿಗೆ ಮರಳಿದ ಮೇಲೆ ಮೂರು ಆಗಸ್ಟ್ ಹದಿನೈದನ್ನೂ ಕೇರಿಯವರ ಜೊತೆ ಈ ಬೇಲಿಯಾಚೆಯಿಂದಲೇ ನೋಡಿದ್ದ. ಈ ಸಲ ಸ್ವಾತಂತ್ರ್ಯಕ್ಕೆ ಇಪ್ಪತ್ತೈದು ತುಂಬಿತ್ತು. ಖಾಕಿಗೆ ಇಸ್ತ್ರಿ ಹಾಕಿ, ಎದೆಗೆ ಪದಕ ಸಿಕ್ಕಿಸಿಕೊಂಡು ಬಂದಿದ್ದ.

ಗೇಟಿನಲ್ಲೇ ಪಂಚಾಯ್ತಿ ಛೇರ್ಮನ್ ಜಯದೇವಪ್ಪ ತಡೆದಿದ್ದರು.

“ಏನ್ಲಾ ಕರಿಯ, ಮದುವೆ ಗಂಡಿನ ಹಂಗೆ ಬಂದಿದೀಯ? ಅಲ್ಲೇ ನಿಂತ್ಕೊ. ಅಲ್ಲಿಂದ್ಲೂ ಕಾಣುತ್ತೆ.”

“ಕಾಣುತ್ತೆ ಛೇರ್ಮನ್ರೇ. ಎಲ್ಲಾ ಕಾಣುತ್ತೆ.”

ಮೇಲಿನವರನ್ನು ‘ಬುದ್ಧಿ’ ಎಂದು ಕರೆಯುವುದನ್ನು ಅವನು ಮಿಲಿಟರಿಯಲ್ಲೇ ಬಿಟ್ಟು ಬಂದಿದ್ದ.

ಜಯದೇವಪ್ಪನವರ ಭಾಷಣ ಮುಗಿಯಿತು. “ನಾವೆಲ್ಲ ಒಂದೇ ತಾಯಿಯ ಮಕ್ಕಳು” ಎಂದಾಗ ಚಪ್ಪಾಳೆ ಬಿತ್ತು.

ತರೀಕೆರೆಯಿಂದ ಬಂದಿದ್ದ ತಾಲ್ಲೂಕಿನ ಅಮಲ್ದಾರರು ಹಗ್ಗ ಎಳೆದರು. ಹೂ ತುಂಬಿದ ಬಾವುಟದ ಗಂಟು ಕಂಬದ ತುದಿ ಮುಟ್ಟಿತು. ಬಿಚ್ಚಲಿಲ್ಲ. ಮತ್ತೆ ಜಗ್ಗಿದರು. ಇಲ್ಲ. ಹುಡುಗರು ಕಿಸಕ್ಕೆಂದರು.

“ಯಾರ್ರೀ ಮೇಷ್ಟ್ರೇ ಇದನ್ನ ಕಟ್ಟಿದ್ದು?” ಜಯದೇವಪ್ಪ ಗುಡುಗಿದರು.

ಹೆಡ್‌ಮಾಸ್ಟರ್ ಷಡಕ್ಷರಿ ಬೇಲಿಯತ್ತ ಒಮ್ಮೆ ನೋಡಿ, ನೆಲ ನೋಡಿದರು. “ನಾನೇ ಸ್ವಾಮಿ... ಪ್ರತಿ ವರ್ಷದ ಹಂಗೇ.”

“ಇಳಿಸಿ ಬಿಚ್ರಿ ಮತ್ತೆ!”

“ಏರಿದ ಬಾವುಟಾನ ಬಿಚ್ಚದೇ ಇಳಿಸ್ತೀರಾ? ಅದೂ ಈ ವರ್ಷ?” ಅಮಲ್ದಾರರು ಸಿಡುಕಿದರು. “ಇದು ಗೊತ್ತಿರೋರು ಇಡೀ ಊರಲ್ಲಿ ಒಬ್ರೂ ಇಲ್ವೇನ್ರಿ? ಬೇಲಿ ಹತ್ರ ಆ ಖಾಕಿಯವನು ಯಾರು? ಕರೀರಿ ಅವನ್ನ!”

ಕರಿಯಣ್ಣ ಒಳಗೆ ನಡೆದ. ಜನ ಸರಿದು ದಾರಿ ಬಿಟ್ಟರು. ಗೌರವಕ್ಕಲ್ಲ, ಮೈ ತಾಗೀತೆಂದು. ಅವನು ಹಗ್ಗದ ಎರಡೂ ಎಳೆಗಳನ್ನು ಸಡಿಲ ಬಿಟ್ಟು ಎಡಗಡೆಯದನ್ನು ಒಮ್ಮೆ ಜಗ್ಗಿದ. ಒಂದೇ ಸಲ. ಬಾವುಟ ಬಿಚ್ಚಿಕೊಂಡಿತು. ಸೇವಂತಿಗೆಯ ಎಸಳು ಅವನ ತಲೆಯ ಮೇಲೂ ಉದುರಿದವು, ಜಯದೇವಪ್ಪನವರ ಹೆಗಲ ಮೇಲೂ. ಕರಿಯಣ್ಣ ಸೆಲ್ಯೂಟ್ ಹೊಡೆದ.

ಅಮಲ್ದಾರರ ಜೀಪು ಅಜ್ಜಂಪುರದ ರಸ್ತೆಗೆ ತಿರುಗಿದ್ದೇ ತಡ, ಜಯದೇವಪ್ಪ ಜವಾನ ಸಣ್ಣಬೀರಪ್ಪನನ್ನು ಕೂಗಿದರು.

“ಒಂದು ಕೊಡ ನೀರು ತಾರೋ. ಆ ಹಗ್ಗ ತೊಳಿ. ಕಂಬಾನೂ ತೊಳಿ.”

ಕರಿಯಣ್ಣ ಮತ್ತೆ ಬೇಲಿಯಾಚೆ ನಿಂತು ನೋಡಿದ. ಹಗ್ಗ ತೊಳೆದರು. ಕೈಗೆಟುಕುವಷ್ಟು ಕಂಬ ತೊಳೆದರು. ಬಾವುಟ ಅಷ್ಟೆತ್ತರದಲ್ಲಿ ನೀರು ತಾಗದೆ ಹಾರುತ್ತಿತ್ತು.

ಪ್ರತಿ ವರ್ಷದಂತೆ ಹಿಂದಿನ ಸಂಜೆ ಷಡಕ್ಷರಿ ಮೇಷ್ಟ್ರು ಬಾವುಟವನ್ನು ಗುಟ್ಟಾಗಿ ಕರಿಯಣ್ಣನ ಗುಡಿಸಲಿಗೇ ತಂದು ಅವನ ಕೈಯಲ್ಲೇ ಕಟ್ಟಿಸಿಕೊಂಡು ಹೋಗಿದ್ದರು. ಅದನ್ನೂ, ಈ ವರ್ಷದ ಗಂಟನ್ನು ತನ್ನ ಕೈಗಲ್ಲದೆ ಬಿಚ್ಚದ ಹಾಗೆ ತಾನು ಬೇಕೆಂದೇ ಹಾಕಿದ್ದನ್ನೂ ಕರಿಯಣ್ಣ ಯಾರಿಗೂ ಹೇಳಲಿಲ್ಲ.