ಕೂತು ಮಾಡುವ ಕೆಲಸ

ಎತ್ತರದ ಬೆಂಚಿನ ಮೇಲೆ ಅಂಗಾತ ಮಲಗಿದ್ದ ಸುಬ್ರಾಯನ ಎಡಗಾಲನ್ನು ಮುರಳೀಧರ ಮೆಲ್ಲನೆ ಮೇಲೆತ್ತಿದರು. ಕಾಲು ಅರ್ಧಕ್ಕೂ ಏರಿರಲಿಲ್ಲ, ಸುಬ್ರಾಯ ಹಲ್ಲು ಕಚ್ಚಿ ಸಾಕೆಂದು ಕೈಯಾಡಿಸಿದ. ಮೂಲೆಯ ಕುರ್ಚಿಯಲ್ಲಿದ್ದ ಮಧ್ವರಾಜರಾಯರು ಅವನ ಮುಖದ ಮೇಲಿಂದ ಕಣ್ಣು ಕೀಳಲಿಲ್ಲ. ಮೈಲಾಪುರದ ಅವರ ಹೋಟೆಲಿನಲ್ಲಿ ಬಾಗಿಲು ತೆರೆದಂದಿನಿಂದಲೂ ದೋಸೆಕಾವಲಿಯ ಮುಂದೆ ನಿಂತವನು ಸುಬ್ರಾಯ. ಈಗ ಕೆಲವು ತಿಂಗಳಿಂದ ಕಾಲುನೋವು ಎಂದು ಆಗಾಗ ಮಲಗಿಬಿಡುತ್ತಿದ್ದ. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಸಿದರೆ ಎಲುಬಿಗೆ ಏನೂ ಆಗಿಲ್ಲ ಎಂದರು. ಅದೇ ಹೊತ್ತಿಗೆ ರಾಮದಾಸನೆಂಬವನು ಗಿಂಡಿಯ ಕಾರ್ಖಾನೆಗಳ ಹತ್ತಿರ ಹೊಸ ಹೋಟೆಲು ತೆರೆಯುತ್ತಿದ್ದಾನೆ, ಸುಬ್ರಾಯನನ್ನು ಕರೆದಿದ್ದಾನೆ ಎಂಬ ಸುದ್ದಿ ರಾಯರ ಕಿವಿಗೆ ಬಿತ್ತು. ಎರಡಕ್ಕೂ ಗಂಟು ಹಾಕಲು ರಾಯರಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

ಅಡ್ಯಾರಿನ ಈ ಮನೆಗೆ ಅವನನ್ನು ಕರೆತಂದದ್ದೂ ಗುಣಪಡಿಸುವುದಕ್ಕಿಂತ ಹೆಚ್ಚಾಗಿ ಸುಳ್ಳು ಹಿಡಿಯಲಿಕ್ಕೆ. ಮುರಳೀಧರ ಮೈಸೂರು ಕಡೆಯವರು, ಅಮೆರಿಕದಲ್ಲಿ ಬೆನ್ನೆಲುಬಿನ ವಿದ್ಯೆ ಕಲಿತು ಬಂದವರೆಂದು ಗಿರಾಕಿಯೊಬ್ಬರು ಹೇಳಿದ್ದರು. ಗೇಟಿನ ಬೋರ್ಡಿನಲ್ಲಿದ್ದ ಕೈರೋಪ್ರ್ಯಾಕ್ಟರ್ ಎಂಬ ಪದವನ್ನು ರಾಯರು ಅಕ್ಷರ ಕೂಡಿಸಿ ಓದಿ, ಕೈ ನೋಡಿ ಭವಿಷ್ಯ ಹೇಳುವವರ ಮನೆಗೆ ಬಂದೆವೋ ಏನೋ ಎಂದು ಒಂದು ಗಳಿಗೆ ಹಿಂಜರಿದಿದ್ದರು. ಔಷಧಿ ಇಲ್ಲ, ಸೂಜಿ ಇಲ್ಲ, ಕೈಯಿಂದಲೇ ಮಾಡುವ ಚಿಕಿತ್ಸೆ ಎಂದು ಮುರಳೀಧರರೇ ನಕ್ಕು ಹೇಳಿದ ಮೇಲೆ, ಅವರನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದ್ದರು. ನೋವು ನಿಜವೋ ನಾಟಕವೋ, ಅಷ್ಟು ತಿಳಿದರೆ ಸಾಕು.

ಮುರಳೀಧರ ಸುಬ್ರಾಯನನ್ನು ಎಬ್ಬಿಸಿ ಬೆಂಚಿನ ಅಂಚಿಗೆ ಕೂರಿಸಿದರು. ಊರು ಯಾವುದು, ದಿನಾ ಎಷ್ಟು ಹೊತ್ತಿಗೆ ಏಳುತ್ತೀರಿ ಎಂದು ಮಾತಿಗೆ ಎಳೆಯುತ್ತ, ಅಂಗಾಲಿನಲ್ಲಿ ಆಣಿಗೀಣಿ ಇದೆಯೋ ನೋಡೋಣ ಎಂಬಂತೆ ಅದೇ ಎಡಗಾಲನ್ನು ಹಿಡಿದು ಮೊಣಕಾಲು ನೇರ ಮಾಡಿದರು. ಬಾರ್ಕೂರಿನ ಹತ್ತಿರ ಎನ್ನುತ್ತಿದ್ದ ಸುಬ್ರಾಯನ ಮಾತು ಅರ್ಧಕ್ಕೇ ನಿಂತಿತು. ಅವನ ಬೆನ್ನು ತಾನಾಗಿ ಹಿಂದಕ್ಕೆ ಬಾಗಿತು, ಎರಡೂ ಕೈ ಹಿಂದೆ ಊರಿಕೊಂಡ.

ಮುರಳೀಧರ ರಾಯರ ಕಡೆ ತಿರುಗಿದರು. "ಮಲಗಿಸಿ ಕಾಲೆತ್ತಿದರೂ, ಕೂರಿಸಿ ಚಾಚಿದರೂ ಎಳೆಯೋದು ಒಂದೇ ನರ. ನಟಿಸೋನಿಗೆ ಅದು ಗೊತ್ತಿರಲ್ಲ, ಕೂತಾಗ ನೋವನ್ನು ಮರೀತಾನೆ. ಇವರು ಮರೀಲಿಲ್ಲ."

"ಹಾಗಾದರೆ ಎಕ್ಸ್‌ರೇ?"

ಎಕ್ಸ್‌ರೇಯಲ್ಲಿ ಎಲುಬು ಕಾಣುತ್ತದೆ, ನರ ಹಿಸುಕಿದ್ದು ಕಾಣುವುದಿಲ್ಲ ಎಂದರು ಮುರಳೀಧರ. ನರದ ಬುಡ ಇರುವುದು ಸೊಂಟದಲ್ಲಿ. ಅಲ್ಲಿ ಅದುಮಿದರೆ ಮೀನಖಂಡ ಉರಿಯುತ್ತದೆ. ರಾಯರಿಗೆ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಇಷ್ಟು ದಿನ ಕಾಲಿಗೆ ತಿಕ್ಕಿಸಿದ ಎಣ್ಣೆಯೆಲ್ಲ ಹಾಗಾದರೆ ಯಾತಕ್ಕೆ? ಸುಬ್ರಾಯನನ್ನು ಮಗ್ಗುಲಾಗಿ ಮಲಗಿಸಿ ಮುರಳೀಧರ ಸೊಂಟದ ಮೇಲೆ ಅಂಗೈ ಊರಿ ಒಮ್ಮೆ ಒತ್ತಿದಾಗ ಲಟಕ್ಕೆಂದು ಸದ್ದಾಯಿತು. ಬೆಚ್ಚಿ ಎದ್ದು ನಿಂತವರು ರಾಯರೇ. ಸುಬ್ರಾಯ ಸ್ವಲ್ಪ ಹಗುರ ಆಯಿತು ಎಂದ. ಆದರೆ ಕಾವಲಿಯ ಮುಂದೆ ಗಂಟೆಗಟ್ಟಲೆ ನಿಲ್ಲುವುದು ಇನ್ನು ಕೂಡದು, ಕೂತು ಮಾಡುವ ಕೆಲಸವೇನಾದರೂ ಕೊಡಿ ಎಂದು ಹೇಳಿ ಮುರಳೀಧರ ಕೈ ತೊಳೆಯಲು ಹೋದರು.

ಬಸ್ ಸ್ಟಾಪಿನಲ್ಲಿ ರಾಯರು ಸುಬ್ರಾಯನನ್ನು ಮರದ ನೆರಳಿಗೆ ಕರೆದು ನಿಲ್ಲಿಸಿದರು. ಇವನ ಮೇಲೆ ಅನುಮಾನಪಟ್ಟೆನಲ್ಲ ಎಂದು ಅವರಿಗೆ ನಾಚಿಕೆಯಾಗಿತ್ತು. ಕೊನೆಗೆ, ರಾಮದಾಸನ ಸಂಗತಿ ಬರೀ ಗಾಳಿಮಾತು ತಾನೇ ಎಂದು ಕೇಳಿದರು. ಹೌದು ಎಂಬ ಒಂದು ಉತ್ತರ ಸಿಕ್ಕರೆ ಅವರು ಕ್ಷಮೆ ಕೇಳಲೂ ಸಿದ್ಧರಿದ್ದರು.

"ಗಾಳಿಮಾತಲ್ಲ, ರಾಯರೇ," ಎಂದ ಸುಬ್ರಾಯ. "ಮುಂದಿನ ತಿಂಗಳು ಬರ್ತೇನೆ ಅಂದಿದ್ದೇನೆ. ಅಲ್ಲಿ ಗಲ್ಲಾದಲ್ಲಿ ಕೂರಿಸ್ತಾರಂತೆ."

ನೋವೂ ನಿಜ, ಬಿಟ್ಟು ಹೋಗುವುದೂ ನಿಜ. ಸಿಟ್ಟಾಗಬೇಕೋ ಮರುಕಪಡಬೇಕೋ ರಾಯರಿಗೆ ಹೊಳೆಯಲಿಲ್ಲ. ಸುಳ್ಳುಗಾರನೊಬ್ಬನಿಗೆ ಹೇಳಲು ಕೂಡಿಟ್ಟುಕೊಂಡಿದ್ದ ಮಾತು ಈ ಮನುಷ್ಯನಿಗೆ ಹೊಂದುತ್ತಿರಲಿಲ್ಲ.

"ನನ್ನತ್ರ ಒಂದು ಮಾತು ಕೇಳಬಹುದಿತ್ತಲ್ಲ ಮಾರಾಯ, ಕೂತು ಮಾಡುವ ಕೆಲಸ ಬೇಕು ಅಂತ?"

ಸುಬ್ರಾಯ ದನಿಯಲ್ಲಿ ಯಾವ ಕೊಂಕೂ ಇಲ್ಲದೆ, "ನಮ್ಮ ಹೋಟೆಲಿನಲ್ಲಿ ಅಂಥ ಕೆಲಸ ಇರುವುದು ಒಂದೇ ಅಲ್ವಾ? ಅಲ್ಲಿ ನೀವು ಕೂತಿದ್ದೀರಿ," ಎಂದ.

ಬಸ್ಸು ಬಂತು. ಹತ್ತಿದರೆ ಖಾಲಿ ಇದ್ದದ್ದು ಒಂದೇ ಸೀಟು. ಸುಬ್ರಾಯ ಕಂಬಿ ಹಿಡಿದು, ಭಾರವನ್ನೆಲ್ಲ ಬಲಗಾಲಿಗೆ ಹಾಕಿ, ಧಣಿಗಳಿಗೆ ದಾರಿ ಬಿಟ್ಟು ನಿಂತ. ಕೂತುಕೋ ಎಂದರು ರಾಯರು. ನೀವು ಕೂತುಕೊಳ್ಳಿ ಎಂದ ಅವನು. ರಾಯರು ಕೂರಲಿಲ್ಲ, ಅವರೂ ಕಂಬಿ ಹಿಡಿದು ನಿಂತರು. ಯಾರಾದರೂ ಒಬ್ಬರು ಕೂರಬಾರದೇ ಎಂದು ಕಂಡಕ್ಟರು ತಮಿಳಿನಲ್ಲಿ ಗೊಣಗಿದ. ಮುಂದಿನ ಸ್ಟಾಪಿನಲ್ಲಿ ಹತ್ತಿದ ಕೊಡೆಯ ಮನುಷ್ಯನೊಬ್ಬ ಸೀಟನ್ನು ನೋಡಿ, ಇಬ್ಬರ ಮುಖವನ್ನೂ ನೋಡಿ, ಇವರಿಗೆ ಬೇಡವಾಗಿರಬೇಕು ಎಂದುಕೊಂಡು ಕೂತುಬಿಟ್ಟ.