ಎರಡನೆಯ ದನಿಯ ಉಸಿರು

ಬಾಯಲ್ಲಿ ಎರಡು ಕ್ಲಿಪ್ಪು ಕಚ್ಚಿಕೊಂಡು, ತಾಯಿ ಒದ್ದೆ ಹೊದಿಕೆಯ ಒಂದು ತುದಿಯನ್ನು ಹಗ್ಗದ ಮೇಲೆ ಎಸೆದಿದ್ದಳಷ್ಟೇ, ಕರೆಗಂಟೆ ಸದ್ದು ಮಾಡಿತು. ಇನ್ನೊಂದು ತುದಿ ಒಂಬತ್ತು ವರ್ಷದ ಮಗಳ ಕೈಯಲ್ಲಿತ್ತು. ನೆಲಕ್ಕೆ ತಾಗಿಸಬೇಡ ಎಂದು ಕಣ್ಣಲ್ಲೇ ಹೇಳಿ ಬಾಗಿಲು ತೆರೆದಳು.

ನರ್ಸ್ ಉಡುಪಿನ ಹುಡುಗಿಯೊಬ್ಬಳು ನಿಂತಿದ್ದಳು. "ಅಕ್ಕಾ, ನಾನು ನಾಲ್ಕುದನಿ ತಂಡದವಳು. ಎರಡನೇ ದನಿ. ಸೇರಿ ಮೂರು ತಿಂಗಳಾಯ್ತು. ಡ್ಯೂಟಿಗೆ ಇನ್ನೂ ಅರ್ಧ ಗಂಟೆ ಇದೆ, ಒಂದೇ ಒಂದು ಮಾತು ಕೇಳ್ಬೇಕಿತ್ತು."

ಆ ಹೆಸರನ್ನು ಈ ಮನೆಯಲ್ಲಿ ಯಾರೂ ಎತ್ತದೆ ವರ್ಷಗಳಾಗಿದ್ದವು. ತಾಯಿ ಕ್ಲಿಪ್ಪು ತೆಗೆದು, "ಬಾಮ್ಮ, ಬಟ್ಟೆ ಹರವ್ತಾನೇ ಮಾತಾಡೋಣ" ಎಂದು ಬಾಲ್ಕನಿಗೆ ಕರೆದೊಯ್ದಳು.

ವಾದ್ಯವಿಲ್ಲದೆ, ನಾಲ್ಕೇ ಜನ ನಿಂತು ಯೇಸುವಿನ ಹಾಡುಗಳನ್ನು ಹೊಸ ಧಾಟಿಯಲ್ಲಿ ಹಾಡುವ ತಂಡ ಅದು. ಶುರುವಾಗಿ ಇಪ್ಪತ್ತೊಂದು ವರ್ಷ. ಮದುವೆ, ವರ್ಗಾವಣೆ, ಮುನಿಸು, ಮಂಡಿನೋವು ಎಂದು ಒಬ್ಬೊಬ್ಬರಾಗಿ ಬಿಟ್ಟು, ಮೊದಲಿನ ನಾಲ್ವರಲ್ಲಿ ಈಗ ಒಬ್ಬರೂ ಉಳಿದಿಲ್ಲ. ಯಾರಿಗೂ ಸ್ವರಲಿಪಿ ಓದಲು ಬಾರದ್ದರಿಂದ ಒಂದು ಪದ್ಧತಿ ಬೆಳೆದಿತ್ತು. ಬಿಡುವವರು ತಮ್ಮ ದನಿಯ ಪಾಲನ್ನಷ್ಟೇ ಒಂಟಿಯಾಗಿ ಹಾಡಿ, ರೆಕಾರ್ಡ್ ಮಾಡಿ ಕೊಟ್ಟು ಹೋಗಬೇಕು. ಬಂದವರು ಅದನ್ನು ಕೇಳಿ ಕೇಳಿ ಬಾಯಿಪಾಠ ಮಾಡಬೇಕು.

"ಕಣಿವೆ ಹಾಡಲ್ಲಿ 'ಕತ್ತಲ ಕಣಿವೆಯಲ್ಲೂ ಎನ್ನ ಕೈಬಿಡದವನೇ' ಅಂತ ಬರುತ್ತಲ್ಲಕ್ಕ," ಎಂದಳು ನರ್ಸ್. "ಅಲ್ಲಿ 'ಕೈ' ಅಂದ್ಮೇಲೆ ಎರಡನೇ ದನಿ ನಿಂತು ಉಸಿರು ತಗೊಳ್ಳುತ್ತೆ. ಪದದ ಮಧ್ಯೆ! ಉಳಿದ ಮೂವರೂ ಕಾಯ್ತಾರೆ. ಯಾಕೆ ಅಂತ ನನಗಿಂತ ಮುಂಚೆ ಹಾಡ್ತಿದ್ದ ಟೀಚರನ್ನ ಕೇಳ್ದೆ. 'ನಾನು ಕಲ್ತಿದ್ದೇ ಹಾಗೆ' ಅಂದ್ರು. ಅವರಿಗಿಂತ ಮುಂಚಿನವರದ್ದೂ ಅದೇ ಮಾತು. ತಮಗೂ ಮೊದಲು ಹಾಡ್ತಿದ್ದೋರು ನೀವು ಅಂತ ಅವರೇ ನಿಮ್ಮ ಮನೆ ತೋರಿಸಿದ್ದು."

"ಈಗಲೂ ನಿಲ್ತಾರಾ ಅಲ್ಲಿ?"

"ನಿಲ್ಲೋದಾ! ಜನ ತಲೆ ಬಗ್ಗಿಸ್ತಾರಕ್ಕ. 'ದೇವರಿಗೆ ಮಾತಾಡೋಕೆ ಬಿಟ್ಟ ಜಾಗ' ಅಂತ ಪಾಸ್ಟರು ಒಂದು ಪ್ರಸಂಗಾನೇ ಮಾಡಿದಾರೆ."

ತಾಯಿಗೆ ನಗು ತಡೆಯಲಾಗಲಿಲ್ಲ. ಒದ್ದೆ ಕೈಯಿಂದಲೇ ಬಾಯಿ ಮುಚ್ಚಿಕೊಂಡಳು.

"ನಗ್ಬೇಡಿ ಅಕ್ಕಾ. ಶನಿವಾರ ರೆಕಾರ್ಡಿಂಗ್. ಕೆಳದನಿ ಹಾಡೋ ಗುಡುಗಣ್ಣ, ಕಾರಣ ಇದ್ರೆ ಇಡೋಣ, ಇಲ್ದಿದ್ರೆ ತೆಗೆದು ಒಂದೇ ಉಸಿರಲ್ಲಿ ಹಾಡೋಣ ಅಂದಿದಾರೆ. ನೀವು ಕೊಟ್ಟು ಹೋದ ರೆಕಾರ್ಡು ಇದು, ನೀವೇ ಕೇಳಿ." ನರ್ಸ್ ಫೋನು ಒತ್ತಿದಳು.

ಬಟ್ಟೆಗಳ ನಡುವೆ ತಾಯಿಯದೇ ದನಿ ಎದ್ದಿತು. ತುಂಬಿದ ದನಿ, ಎಲ್ಲೂ ಒಂದು ಗೀರಿಲ್ಲ. ಮಗಳು ಹೊದಿಕೆ ಹಿಡಿದಲ್ಲೇ ನಿಂತುಬಿಟ್ಟಳು. ಅಮ್ಮ ಹಾಡು ಬಿಟ್ಟದ್ದೇಕೆ ಎಂದು ಕೇಳಿದಾಗಲೆಲ್ಲ ಅವಳಿಗೆ ಸಿಕ್ಕಿದ್ದ ಉತ್ತರ ಒಂದೇ: "ಗಂಟಲು ಕೆಟ್ಟಿತ್ತು ಪುಟ್ಟಿ." ಈಗ ಅವಳು ಫೋನನ್ನೂ ಅಮ್ಮನನ್ನೂ ನೋಡಿದಳು.

'ಕೈ' ಎಂದಿತು ಫೋನು. ಒಂದು ಉಸಿರು. 'ಬಿಡದವನೇ.'

ಹತ್ತು ತಿಂಗಳು ಹಾಡಿದ್ದಳು ತಾಯಿ. ಆ ಹತ್ತು ತಿಂಗಳಲ್ಲಿ ತಂಡದ ಒಂದು ಆಲ್ಬಮ್ಮೂ ಬಂದಿರಲಿಲ್ಲ, ಒಂದು ಫೋಟೋ ಕೂಡ ತೆಗೆದಿರಲಿಲ್ಲ. ತಂಡದಲ್ಲಿ ಅವಳದೆಂದು ಉಳಿದದ್ದು ಈ ಉಸಿರೊಂದೇ. ಏನಾದರೂ ದೊಡ್ಡ ಕಾರಣ ಹೇಳಿಬಿಟ್ಟರೆ ಅದು ಹಾಗೆಯೇ ಉಳಿಯುತ್ತದೆ. ಆದರೆ ಮಗಳು ನೋಡುತ್ತಿದ್ದಳು.

"ಮೌನಾನೂ ಅಲ್ಲ, ಪ್ರಾರ್ಥನೆನೂ ಅಲ್ಲಮ್ಮ," ಎಂದಳು ತಾಯಿ. "ಆಗ ನಂಗೆ ಎಂಟು ತಿಂಗಳು. ಗಂಟಲಿಗೇನೂ ಆಗಿರಲಿಲ್ಲ, ನಿಂತು ಹಾಡೋಕಾಗ್ತಿರಲಿಲ್ಲ, ಅದಕ್ಕೇ ಬಿಟ್ಟಿದ್ದು. ಕುರ್ಚಿ ಮೇಲೆ ಕೂತು ಕೊನೇ ಹಾಡು ರೆಕಾರ್ಡ್ ಮಾಡ್ತಿದ್ದೆ. 'ಕೈ' ಅಂದೆ ನೋಡು, ಒಳಗಿಂದ ಒಂದು ಒದೆ ಬಿತ್ತು. ಉಸಿರೇ ಸಿಕ್ಕಿಕೊಂಡ್ತು. ಮತ್ತೊಂದ್ಸಲ ಹಾಡೋಕೆ ತ್ರಾಣ ಇರಲಿಲ್ಲ, ಹಾಗೇ ಕೊಟ್ಟೆ. ಮುಂದಿನವಳು ತಿದ್ಕೋತಾಳೆ ಅಂದ್ಕೊಂಡಿದ್ದೆ."

"ಯಾರೂ ತಿದ್ಲಿಲ್ಲ!" ನರ್ಸ್ ಕಣ್ಣರಳಿಸಿದಳು. ಆಮೇಲೆ ಗಡಿಯಾರ ನೋಡಿಕೊಂಡು ಮೆಲ್ಲಗೆ ಕೇಳಿದಳು, "ಹಾಗಾದ್ರೆ ಗುಡುಗಣ್ಣಂಗೆ ಏನಂತ ಹೇಳ್ಲಿ? ತಪ್ಪಾಗಿತ್ತು, ತೆಗೆಯೋಣ ಅಂತಾನಾ?"

ತಾಯಿ ಹೊದಿಕೆಯ ಸುಕ್ಕು ಎಳೆದಳು, ಒಂದು ಕ್ಲಿಪ್ಪು ಸಿಕ್ಕಿಸಿದಳು. ಹೌದು, ತೆಗೆದುಬಿಡಿ ಎನ್ನಲು ಬಾಯಿ ತೆರೆದಳು.

ಹೊದಿಕೆಯ ಆಚೆ ತುದಿ ಜಗ್ಗಿತು. ಮಗಳು ಅದನ್ನು ಇನ್ನೂ ನೆಲಕ್ಕೆ ತಾಗಿಸಿರಲಿಲ್ಲ.

"ಅಮ್ಮಾ, ಹಾಗಾದ್ರೆ ಆ ಉಸಿರು ನಂದಾ?"